ಗಡಿಶಾಲೆ: ಅಲ್ಲಿ ಮತ್ತು ಇಲ್ಲಿ

ದೇಶದೇಶಗಳ ಶಿಕ್ಷಣಪದ್ಧತಿಗಳನ್ನು ತೂಗಿ ನೋಡುವ ವಿದ್ವಾಂಸರು ಸಾಮಾನ್ಯವಾಗಿ ಒಂದು ದೇಶದ ನಡುನಾಡಿನ ಶಾಲೆಯನ್ನು ಇನ್ನೊಂದರ ನಡುನಾಡಿನ ಶಾಲೆಯೊಡನೆ ಹೋಲಿಸುತ್ತಾರೆ. ಹಿಂದೂಪುರ, ಕಲ್ಯಾಣದುರ್ಗಗಳ ಕಡೆ ಕನ್ನಡ ಮಾಧ್ಯಮದಲ್ಲಿ ಪಾಠ ಹೇಳುವ ನಮ್ಮಂಥವರಿಗೆ ಅದರಿಂದಾಗುವ ಪ್ರಯೋಜನ ಅಲ್ಪ. ಗಡಿಯ ಶಾಲೆಯನ್ನು ಗಡಿಯ ಶಾಲೆಯೊಡನೆಯೇ ಇಟ್ಟು ನೋಡಬೇಕು.

ಫಿನ್ಲೆಂಡನ್ನು ಹೊಗಳದ ಶಿಕ್ಷಣತಜ್ಞರು ವಿರಳ. 2000ದ ಪೀಸಾ ಪರೀಕ್ಷೆಯಲ್ಲಿ ಅಲ್ಲಿನ ಮಕ್ಕಳು ಓದುವಿಕೆಯಲ್ಲಿ ಎಲ್ಲರಿಗಿಂತ ಮುಂದಾದ ಬಳಿಕ ಆ ಹೊಗಳಿಕೆ ನಮ್ಮ ಹಳ್ಳಿಯ ತರಬೇತಿ ಶಿಬಿರಗಳಿಗೂ ಬಂದು ಮುಟ್ಟಿದೆ. ಆದರೆ ಆ ದೇಶದಲ್ಲಿ ನೂರಕ್ಕೆ ಐವರಷ್ಟು ಜನ ಸ್ವೀಡಿಷ್ ನುಡಿಯುವವರೆಂಬುದೂ, ಅವರ ಮಕ್ಕಳು ಒಂದನೆಯ ತರಗತಿಯಿಂದ ವಿಶ್ವವಿದ್ಯಾನಿಲಯದವರೆಗೆ ಸ್ವೀಡಿಷಿನಲ್ಲಿಯೇ ಓದಬಹುದೆಂಬುದೂ ಅಷ್ಟಾಗಿ ಪ್ರಸ್ತಾಪಕ್ಕೆ ಬರುವುದಿಲ್ಲ. ಒಂದು ಪುರಸಭೆಯ ಎಲ್ಲೆಯಲ್ಲಿ ಅಲ್ಪಸಂಖ್ಯಾತ ಭಾಷೆಯವರು ನೂರಕ್ಕೆ 8 ಮಂದಿ, ಇಲ್ಲವೆ ಒಟ್ಟು 3,000 ಮಂದಿ ಇದ್ದರೆ ಅದು ದ್ವಿಭಾಷಾ ಪುರಸಭೆ. ಎರಡೂ ಭಾಷೆಗಳಲ್ಲಿ ಶಾಲೆ ಒದಗಿಸುವುದು ಅದರ ಕರ್ತವ್ಯ. ಇದಕ್ಕಿಂತಲೂ ಹಿರಿದೆಂದು ನಮಗೆ ತೋರಿದ್ದು ಇನ್ನೊಂದು. 1918ರಲ್ಲಿ ಸ್ಥಾಪಿತವಾದ ಓಬೋ ಅಕಾಡೆಮಿ ಎಂಬ ವಿಶ್ವವಿದ್ಯಾನಿಲಯವು ವಾಸಾ ಪಟ್ಟಣದಲ್ಲಿ ಆ ಶಾಲೆಗಳ ಉಪಾಧ್ಯಾಯರನ್ನು ಸ್ವೀಡಿಷಿನಲ್ಲಿಯೇ ಸಿದ್ಧಗೊಳಿಸುತ್ತದೆ. ನಾವಾದರೋ ಶಿಶುಮನೋವಿಜ್ಞಾನವನ್ನು ತೆಲುಗಿನಲ್ಲಿ ಓದಿ, ತರಗತಿಗೆ ಬಂದು ಶಿಶುವಿನೊಡನೆ ಕನ್ನಡದಲ್ಲಿ ಮಾತಿಗಾರಂಭಿಸಿದವರು. ಶಿಶುವಿನ ಮನಸ್ಸು ಎರಡು ಭಾಷೆಯಲ್ಲಿಯೂ ಒಂದೇ ಎಂದು ಹಿರಿಯ ಸಹೋದ್ಯೋಗಿಯೊಬ್ಬರು ಹಾಸ್ಯ ಮಾಡುವುದುಂಟು.

ಜರ್ಮನಿ, ಡೆನ್ಮಾರ್ಕುಗಳ ನಡುವಣ ಶ್ಲೆಸ್ವಿಗ್ ಸೀಮೆಯ ವೃತ್ತಾಂತ ನಮಗೆ ಇನ್ನೂ ಹತ್ತಿರದ್ದು. ಅಲ್ಲಿ 1920ರಲ್ಲಿ ಜನಮತವನ್ನು ಕೇಳಿ ಗಡಿಯನ್ನು ಎಳೆದರು. ಕೇಳಿ ಎಳೆದರೂ ಗೆರೆಯ ತೆಂಕಣಕ್ಕೆ ಡೇನರು ಉಳಿದರು, ಬಡಗಣಕ್ಕೆ ಜರ್ಮನರು ಉಳಿದರು. 1955ರ ಮಾರ್ಚ್ 29ರಂದು ಎರಡು ಸರ್ಕಾರಗಳೂ ತಂತಮ್ಮ ನೆಲದ ಅಲ್ಪಸಂಖ್ಯಾತರನ್ನು ಕುರಿತು ಒಂದೊಂದು ಘೋಷಣೆಯನ್ನು ಹೊರಡಿಸಿದವು. ತಾನು ಡೇನನೆಂದು ಒಬ್ಬನು ಹೇಳಿಕೊಂಡರೆ ಅದನ್ನು ಅಧಿಕಾರಿಗಳು ಪರೀಕ್ಷಿಸಕೂಡದು, ಅಲ್ಲಗಳೆಯಕೂಡದು ಎಂಬುದು ಅವುಗಳ ಒಂದು ಮುಖ್ಯ ತತ್ತ್ವ. ಇಂದು ಜರ್ಮನಿಯ ಫ್ಲೆನ್ಸ್‌ಬುರ್ಗ್ ಪಟ್ಟಣದ ಡೇನಿಷ್ ಪ್ರೌಢಶಾಲೆಯಲ್ಲಿ ತೇರ್ಗಡೆಯಾದವನ ಪ್ರಮಾಣಪತ್ರ ಎರಡು ದೇಶಗಳಲ್ಲಿಯೂ ಸಲ್ಲುತ್ತದೆ. ಡೆನ್ಮಾರ್ಕಿನ ಆಬೆನ್ರಾ ಪಟ್ಟಣದ ಜರ್ಮನ್ ಪ್ರೌಢಶಾಲೆಯದೂ ಅಂತೆಯೇ. ಮಗು ಯಾವ ಬಾಗಿಲಿನಿಂದ ಹೊರಟರೂ ದಾರಿ ಕಡಿಯುವುದಿಲ್ಲ.

ನಮ್ಮ ಕಡೆಯ ಗಡಿಯನ್ನು ಭಾಷೆಯನ್ನು ನೋಡಿ ಎಳೆದದ್ದಲ್ಲ. ಹಳೆಯ ಮದರಾಸು ಪ್ರಾಂತಕ್ಕೂ ಮೈಸೂರು ಸಂಸ್ಥಾನಕ್ಕೂ ನಡುವಿದ್ದ ಗೆರೆಯೇ 1953ರಲ್ಲಿ ಆಂಧ್ರದ ಗೆರೆಯಾಯಿತು. ಮಡಕಶಿರಾ ಕರ್ನಾಟಕದೊಳಕ್ಕೆ ಚಾಚಿಕೊಂಡಿದೆ. ಪಾವಗಡವನ್ನು ಆಂಧ್ರವು ಬಹುಮಟ್ಟಿಗೆ ಸುತ್ತುವರಿದಿದೆ. ಕಾನೂನು ನಮಗಿಲ್ಲವೆಂದಲ್ಲ. ಒಂದು ತರಗತಿಯಲ್ಲಿ 10 ಮಕ್ಕಳು ಅಥವಾ ಶಾಲೆಯಲ್ಲಿ 40 ಮಕ್ಕಳು ಇದ್ದರೆ ಅವರ ತಾಯ್ನುಡಿಯಲ್ಲಿ ಕಲಿಸಲು ಒಬ್ಬ ಉಪಾಧ್ಯಾಯನನ್ನು ನೇಮಿಸತಕ್ಕದ್ದೆಂದು 1949ರ ಆಗಸ್ಟಿನಲ್ಲಿ ಪ್ರಾಂತಗಳ ಶಿಕ್ಷಣಮಂತ್ರಿಗಳ ಸಮ್ಮೇಳನವು ನಿರ್ಣಯಿಸಿತು. 1956ರಲ್ಲಿ ಸಂವಿಧಾನಕ್ಕೆ 350-ಎ ವಿಧಿ ಸೇರಿ, ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣಕ್ಕೆ ತಕ್ಕ ಸೌಕರ್ಯವನ್ನು ಒದಗಿಸಲು ಯತ್ನಿಸುವ ಹೊಣೆ ರಾಜ್ಯಗಳ ಮೇಲೆ ಬಿತ್ತು. ಪ್ರಾಥಮಿಕ ಹಂತದಲ್ಲಿ ಎಂಬ ಮಾತನ್ನು ವಾಚಕರು ಗಮನಿಸಬೇಕು. ಕಲ್ಯಾಣದುರ್ಗದ ಕಡೆಯ ತಾಯಿಯೊಬ್ಬರು ಮಗಳನ್ನು ದಾಖಲು ಮಾಡಲು ಬಂದು, ಸಂವಿಧಾನವನ್ನು ಓದದೆಯೇ, ಅದೇ ಮಾತಿಗೆ ಕೈಯಿಟ್ಟರು: “ಸಾ, ಐದನೇ ಕ್ಲಾಸು ಆದ ಮ್ಯಾಲೆ ಈ ಹುಡುಗೀನ ಎಲ್ಲಿಗೆ ಸೇರಿಸ್ಲಿ?”

ನಾವು ಊರುಗಳ ಹೆಸರನ್ನು ಹೇಳಿದೆವು. ಹತ್ತಿರದ ಶಾಲೆಯೆಂದರೆ ತೆಲುಗು ಇಲ್ಲವೆ ಇಂಗ್ಲಿಷ್ ಮಾಧ್ಯಮದ್ದು. ಕನ್ನಡದ್ದು ಬೇಕಾದರೆ ಬಸ್ಸು ಹತ್ತಬೇಕು. ಐದನೆಯ ತರಗತಿಯಲ್ಲಿ ಲ.ಸಾ.ಅ. ಎಂದು ಬಾಯಿಪಾಠ ಮಾಡಿದ ಮಗು ಆರನೆಯದರಲ್ಲಿ ಅದನ್ನೇ ಕ.ಸಾ.ಗು. ಎಂದು ಕೇಳಿ ಬೆಪ್ಪಾಗುತ್ತದೆ. ಅಪವರ್ತನವು ಅಲ್ಲಿ ಕಾರಣಾಂಕವಾಗುತ್ತದೆ. ಬೀದಿಯ ತೆಲುಗು ಅದಕ್ಕೆ ಚೆನ್ನಾಗಿ ಬರುತ್ತದೆ, ಗಣಿತದ ತೆಲುಗು ಬರುವುದಿಲ್ಲ. ಫಿನ್ನಿಷಿಗೂ ಸ್ವೀಡಿಷಿಗೂ ಕುಲಸಂಬಂಧವೇ ಇಲ್ಲ. ಒಂದನ್ನು ಬಿಟ್ಟು ಇನ್ನೊಂದಕ್ಕೆ ಹೋದವನಿಗೆ ತಾನು ಹೋದದ್ದು ತಿಳಿಯುತ್ತದೆ. ನಮ್ಮವು ಅಕ್ಕತಂಗಿಯರಾದ ನುಡಿಗಳು, ಲಿಪಿಗಳಲ್ಲಿಯೂ ತಲೆಕಟ್ಟು ಬೇರೆಯಾದರೆ ಒಡಲು ಬಹುತೇಕ ಒಂದೇ. ಆದುದರಿಂದ ಮಗು ದಾಟಿದ ಸದ್ದು ಯಾರಿಗೂ ಕೇಳಿಸುವುದಿಲ್ಲ. ಎರಡು ಮೂರು ವರ್ಷಗಳಲ್ಲಿ ಕನ್ನಡದ ಓದು ನಿಧಾನವಾಗುತ್ತದೆ, ಅಷ್ಟೆ.

2019ರ ನವೆಂಬರಿನಲ್ಲಿ ಸರ್ಕಾರಿ ಶಾಲೆಗಳನ್ನೆಲ್ಲ ಇಂಗ್ಲಿಷ್ ಮಾಧ್ಯಮಕ್ಕೆ ತಿರುಗಿಸಲು ಆಂಧ್ರ ಸರ್ಕಾರವು ಹೊರಡಿಸಿದ ಆದೇಶವನ್ನು 2020ರ ಏಪ್ರಿಲಿನಲ್ಲಿ ಉಚ್ಚ ನ್ಯಾಯಾಲಯವು ರದ್ದುಗೊಳಿಸಿತು. ಆದೇಶ ರದ್ದಾದರೂ ತಾಯ್ತಂದೆಯರ ಆಸೆ ರದ್ದಾಗಲಿಲ್ಲ. ಅವರನ್ನು ದೂರುವುದು ನಮಗೆ ಸರಿದೋರದು. 2022ರ ಏಪ್ರಿಲಿನಲ್ಲಿ ಜಿಲ್ಲೆ ಒಡೆದು ಹಿಂದೂಪುರವು ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು, ಕಲ್ಯಾಣದುರ್ಗವು ಅನಂತಪುರದಲ್ಲಿಯೇ ಉಳಿಯಿತು. ಒಂದಾಗಿ ಎಣಿಸಲ್ಪಡುತ್ತಿದ್ದ ಕನ್ನಡ ಮಕ್ಕಳು ಈಗ ಎರಡು ಪಟ್ಟಿಗಳಲ್ಲಿದ್ದಾರೆ.

ಗೆರೆಯ ಆಚೆಗೆ, ಪಾವಗಡದ ಕಡೆ, ಮನೆಯಲ್ಲಿ ತೆಲುಗು ನುಡಿಯುವ ಮಕ್ಕಳು ಕನ್ನಡ ಶಾಲೆಯ ಮಣೆಯ ಮೇಲೆ ಕುಳಿತಿದ್ದಾರೆ. ಶ್ಲೆಸ್ವಿಗ್ಗಿನವರ ರೀತಿಯನ್ನು ಪ್ರಯೋಗಿಸಿ ನೋಡಲು ಇದಕ್ಕಿಂತ ತಕ್ಕ ನೆಲವನ್ನು ನಾವು ಕಾಣೆವು: ಆ ರಾಜ್ಯ ಇವರ ಮಕ್ಕಳನ್ನು, ಈ ರಾಜ್ಯ ಅವರ ಮಕ್ಕಳನ್ನು ನೋಡಿಕೊಳ್ಳಲಿ, ಉಪಾಧ್ಯಾಯರ ತರಬೇತಿ, ಮುಂದಿನ ತರಗತಿ ಇವೆರಡನ್ನು ಕೂಡಿ ಏರ್ಪಡಿಸಲಿ. ಹಾಗೆ ಕೂಡುವ ತನಕ 1949ರ ಹತ್ತೆಂಬ ಸಂಖ್ಯೆಯೇ ನಮಗೆ ಆಧಾರ. ಈ ವರ್ಷ ನಮ್ಮ ಐದನೆಯ ತರಗತಿಯಲ್ಲಿ 14 ಮಕ್ಕಳಿದ್ದಾರೆ. ಒಂದನೆಯದರಲ್ಲಿ, ಆ ತಾಯಿಯ ಮಗಳೂ ಸೇರಿ, 10.