ಆರು ಪ್ರಶ್ನಾರ್ಥಕ ಚಿಹ್ನೆಗಳು

ವಡ್ಡೆಪಲ್ಲಿ ಎಂದು ಬರೆದರೆ ಕಣ್ಣಿಗೆ ಕಾಣುವ ಅಕ್ಷರಗಳು ನಾಲ್ಕು. ಗಣಕಯಂತ್ರವು ಅದೇ ಹೆಸರನ್ನು ಹತ್ತು ಘಟಕಗಳಾಗಿ ಒಡೆದುಕೊಳ್ಳುತ್ತದೆ: ವಕಾರ ಒಂದು, ಡಕಾರ ಎರಡು, ಪಕಾರ ಒಂದು, ಲಕಾರ ಎರಡು, ಒತ್ತನ್ನು ಮೂಡಿಸುವ ಹಲಂತ ಚಿಹ್ನೆ ಎರಡು, ಉಳಿದಂತೆ ಒಂದು ಎತ್ವ, ಒಂದು ಗುಡಿಸು. ಯುಟಿಎಫ್-8 ಎಂಬ ಸಂಕೇತ ಪದ್ಧತಿಯಲ್ಲಿ ಪ್ರತಿಯೊಂದು ಕನ್ನಡ ಘಟಕಕ್ಕೂ ಮೂರು ಬೈಟುಗಳ ಸ್ಥಳ ಬೇಕಾದುದರಿಂದ ಊರಿನ ಹೆಸರು ಒಟ್ಟು 30 ಬೈಟುಗಳನ್ನು ಬೇಡುತ್ತದೆ. ಈ ಲೆಕ್ಕದಿಂದ ಶಾಲೆಗೆ ಮಕ್ಕಳನ್ನು ಕಳುಹಿಸುವ ಮನೆಗಳಿಗೆ ಆಗಬೇಕಾದುದೇನು ಎಂದು ಯಾರಾದರೂ ಕೇಳಿಯಾರು. ಹೈದರಾಬಾದಿನಲ್ಲಿ ಉದ್ಯೋಗದಲ್ಲಿರುವ ವಡ್ಡೆಪಲ್ಲಿಯ ತರುಣನೊಬ್ಬನಿಗೂ ಕಳೆದ ಬೇಸಿಗೆಯವರೆಗೆ ಅದರ ಅಗತ್ಯ ಬಿದ್ದಿರಲಿಲ್ಲ.

ಗದ್ವಾಲ, ಆಲಂಪುರ ತಾಲ್ಲೂಕುಗಳು 1956ರವರೆಗೆ ಹೈದರಾಬಾದ್ ರಾಜ್ಯದ ರಾಯಚೂರು ಜಿಲ್ಲೆಗೇ ಸೇರಿದ್ದವು. ಆ ವರ್ಷದ ನವೆಂಬರ್ 1ರಂದು ಅವು ಮಹಬೂಬನಗರ ಜಿಲ್ಲೆಯ ಪಾಲಾದವು. 2016ರಿಂದ ಜೋಗುಳಾಂಬ ಗದ್ವಾಲ ಜಿಲ್ಲೆಯಾಗಿವೆ. ಗಡಿ ಸರಿದರೂ ಮನೆಯ ಮಾತು ಸರಿಯಲಿಲ್ಲ. ಗದ್ವಾಲ, ಮಕ್ತಲ್, ನಾರಾಯಣಪೇಟೆಗಳ ಕನ್ನಡದ ಮನೆಗಳಲ್ಲಿರುವ ಮಕ್ಕಳಿಗೆ ಶಾಲೆ ತೆರೆಯುವ ಮುನ್ನ ಕಥೆಪುಸ್ತಕ, ನೋಟುಪುಸ್ತಕಗಳನ್ನು ಮುಟ್ಟಿಸಬೇಕೆಂದು ಕೆಲವು ಗೆಳೆಯರು ಸಂಕಲ್ಪಿಸಿದರು. ಹೆಸರುಗಳನ್ನು ಕಾಗದದಲ್ಲಿ ಸಂಗ್ರಹಿಸುವುದು ನಿಧಾನವೆನಿಸಿತು. ಪಾಲಕರು ಮೊಬೈಲಿನಲ್ಲಿಯೇ ಮಗುವಿನ ಹೆಸರು, ಊರು, ತರಗತಿ, ದೂರವಾಣಿ ಸಂಖ್ಯೆಗಳನ್ನು ತುಂಬುವಂತಹ ಜಾಲತಾಣವೊಂದನ್ನು ತರುಣನು ಜಾವಾ ಭಾಷೆಯಲ್ಲಿ ರಚಿಸಿದನು.

ಇಂತಹ ಜಾಲತಾಣದಲ್ಲಿ ವಿವರಗಳನ್ನು ಕೇಳುವ ಕಾರ್ಯಕ್ರಮ ಬೇರೆ, ಅವುಗಳನ್ನು ಕಾಪಿಡುವ ದತ್ತಸಂಚಯ ಬೇರೆ. ಒಂದರ ಮಾತು ಇನ್ನೊಂದಕ್ಕೆ ತಿಳಿಯದು. ನಡುವೆ ನಿಂತು ತಿಳಿಸುವ ಕಿರುತಂತ್ರಾಂಶಕ್ಕೆ ಡ್ರೈವರ್ ಎಂದು ಹೆಸರು. ಹೆಸರು ಗಾಡಿ ಓಡಿಸುವವನದಾದರೂ ಕೆಲಸ ದುಭಾಷಿಯದು. ಮಂಡಲ ಕಚೇರಿಯಲ್ಲಿ ಅಜ್ಜಿಯ ಕನ್ನಡವನ್ನು ತೆಲುಗಿಗೂ ಅಧಿಕಾರಿಯ ತೆಲುಗನ್ನು ಕನ್ನಡಕ್ಕೂ ತಿರುಗಿಸುವ ಮೊಮ್ಮಗಳನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ದುಭಾಷಿಯಿಂದ ಎರಡು ಬಗೆಯ ತೊಂದರೆಗಳುಂಟು. ಆಕೆ ಬಾರದೆ ಇರುವುದು ಒಂದು. ಬಂದು, ಅರ್ಥವಾಗದಿದ್ದರೂ ತಲೆಯಾಡಿಸಿ, ತೋಚಿದ್ದನ್ನು ಬರೆಸಿಬಿಡುವುದು ಇನ್ನೊಂದು. ತರುಣನಿಗೆ ಎರಡೂ ಎದುರಾದವು, ಅದೇ ಕ್ರಮದಲ್ಲಿ.

ತನ್ನ ಗಣಕದಲ್ಲಿ ಸುಸೂತ್ರವಾಗಿ ನಡೆಯುತ್ತಿದ್ದ ಕಾರ್ಯಕ್ರಮವನ್ನು ಬಾಡಿಗೆಯ ಸರ್ವರಿಗೆ ಏರಿಸಿದೊಡನೆ, ತಕ್ಕ ಡ್ರೈವರ್ ದೊರೆಯಲಿಲ್ಲವೆಂಬ ಸಂದೇಶ ಬಂದಿತು. ಕಡತವೋ ಕಣ್ಣೆದುರಿಗೇ ಇದ್ದಿತು! 2006ರ ಕೊನೆಯಲ್ಲಿ ಬಂದ ಜಾವಾ 6ರಿಂದ ಡ್ರೈವರ್ ತನ್ನ ಇರವನ್ನು ತಾನೇ ಪ್ರಕಟಿಸಿಕೊಳ್ಳುತ್ತದೆ, ನಿಜ. ಆದರೆ ಹಲವು ಕಾರ್ಯಕ್ರಮಗಳಿಗೆ ಆಶ್ರಯ ಕೊಡುವ ಟಾಮ್‌ಕ್ಯಾಟ್‌ನಂತಹ ಸರ್ವರಿನಲ್ಲಿ ಆ ಹುಡುಕಾಟ ಆರಂಭದಲ್ಲಿ ಒಮ್ಮೆ ಮಾತ್ರ, ಅದೂ ಸರ್ವರಿನ ಸ್ವಂತ ಕಪಾಟಿನಲ್ಲಿ ಮಾತ್ರ ನಡೆಯುತ್ತದೆ. ಕಾರ್ಯಕ್ರಮದ ಜೋಳಿಗೆಯೊಳಗಿನ ಡ್ರೈವರ್ ಆ ಕಣ್ಣಿಗೆ ಬೀಳುವುದಿಲ್ಲ. ಅದನ್ನು ಹೆಸರು ಹಿಡಿದು ಕರೆಯುವ ಒಂದು ಸಾಲನ್ನು ಸೇರಿಸಿದ ಮೇಲೆ ಬಾಗಿಲು ತೆರೆಯಿತು. (ಮೈಎಸ್‌ಕ್ಯೂಎಲ್ ಡ್ರೈವರಿನ ಆ ಹೆಸರೂ 8ನೆಯ ಆವೃತ್ತಿಯಲ್ಲಿ ಬದಲಾಗಿದೆ; ಹಳೆಯ ಪಾಠಗಳನ್ನು ನೋಡಿ ಕಲಿತವರಿಗೆ ಅದೊಂದು ಉಪದ್ರವ.) ಎರಡು ರಾತ್ರಿಗಳ ನಿದ್ರೆ ಕೆಟ್ಟಿತೇ ಹೊರತು ಮತ್ತೇನೂ ಕೆಡಲಿಲ್ಲ. ಕೂಗಿ ಹೇಳುವ ದೋಷ ಒಂದು ರೀತಿಯಲ್ಲಿ ಸಜ್ಜನ.

ಎರಡನೆಯದು ಕೂಗಲಿಲ್ಲ. ಇಂಗ್ಲಿಷಿನ ನಾಲ್ಕಾರು ಪದಗಳಿಂದ ಪರೀಕ್ಷೆ ಮುಗಿದಿತ್ತು. ಎಲ್ಲವೂ ಸರಿಯಾಗಿಯೇ ಕಂಡಿತ್ತು. ಮನೆಗಳಿಂದ ವಿವರಗಳು ಬರತೊಡಗಿದವು. ಪ್ರತಿಯೊಂದಕ್ಕೂ ‘ದಾಖಲಾಯಿತು’ ಎಂಬ ಉತ್ತರ ಹೋಯಿತು. ಮೂರನೆಯ ದಿನ ಪಟ್ಟಿಯನ್ನು ತೆರೆದರೆ ಹೆಸರಿನ ಅಂಕಣದ ಉದ್ದಕ್ಕೂ ಪ್ರಶ್ನಾರ್ಥಕ ಚಿಹ್ನೆಗಳ ಸಾಲು.

ಮೈಎಸ್‌ಕ್ಯೂಎಲ್ 1995ರಲ್ಲಿ ಸ್ವೀಡನ್ನಿನಲ್ಲಿ ಹುಟ್ಟಿದ ದತ್ತಸಂಚಯ. 2018ರಲ್ಲಿ 8ನೆಯ ಆವೃತ್ತಿ ಬರುವವರೆಗೆ, ಬೇರೆಯಾಗಿ ಹೇಳದಿದ್ದರೆ, ಅದು ಲ್ಯಾಟಿನ್-1 ಎಂಬ ಪಶ್ಚಿಮ ಯೂರೋಪಿನ ಲಿಪಿಪಟ್ಟಿಯನ್ನೇ ಬಳಸುತ್ತಿತ್ತು. ಹೆಸರುಗಳನ್ನು ಜೋಡಿಸುವುದೂ ಸ್ವೀಡಿಷ್ ಅಕಾರಾದಿಯಲ್ಲಿಯೇ. ತರುಣನ ಗಣಕದಲ್ಲಿ ಹೊಸ ಆವೃತ್ತಿ, ಬಾಡಿಗೆಯ ಸರ್ವರಿನಲ್ಲಿ ಹಳೆಯದು. ಸರ್ವರಿನ ಲಿಪಿ ಯಾವುದೆಂದು ಡ್ರೈವರ್ ವಿಚಾರಿಸಿತು, ಲ್ಯಾಟಿನ್-1 ಎಂದು ತಿಳಿಯಿತು. 256 ಸ್ಥಾನಗಳ ಆ ಪಟ್ಟಿಯಲ್ಲಿ ಕನ್ನಡದ ಒಂದು ಅಕ್ಷರಕ್ಕೂ ಜಾಗವಿಲ್ಲ. ಒಂದೊಂದು ಘಟಕಕ್ಕೂ ಒಂದೊಂದು ಪ್ರಶ್ನಾರ್ಥಕ ಚಿಹ್ನೆಯನ್ನಿಟ್ಟು ಅದು ಕೆಲಸ ಮುಗಿಸಿತು.

ಬೈಟುಗಳು ಯಥಾವತ್ತಾಗಿ ತಲುಪಿ, ಓದುವಾಗ ಮಾತ್ರ ವಿಚಿತ್ರ ಯೂರೋಪಿಯನ್ ಅಕ್ಷರಗಳಾಗಿ ಕಾಣುವ ದೋಷವೂ ಒಂದುಂಟು. ಅದನ್ನು ತಿರುಗಿಸಿ ಮೂಲವನ್ನು ಪಡೆಯಬಹುದು. ಪ್ರಶ್ನಾರ್ಥಕವಾದುದು ತಿರುಗದು, ಎಷ್ಟು ಘಟಕಗಳಿದ್ದವು ಎಂಬ ಎಣಿಕೆಯೊಂದೇ ಉಳಿಯುತ್ತದೆ.

ಯೂನಿಕೋಡಿಗೆ ಮುಂಚಿನ ನುಡಿ ಅಕ್ಷರವಿನ್ಯಾಸದಲ್ಲಿ ಬರೆದಿದ್ದರೆ ಈ ಅಪಾಯ ಇರುತ್ತಿರಲಿಲ್ಲ. ಅಲ್ಲಿ ಕನ್ನಡವು ಲ್ಯಾಟಿನ್ ಸಂಕೇತಗಳ ವೇಷ ತೊಟ್ಟೇ ಸಾಗುತ್ತಿತ್ತು, ಯಾರೂ ತಡೆಯುತ್ತಿರಲಿಲ್ಲ. 1991ರ ಯೂನಿಕೋಡ್ ಕನ್ನಡಕ್ಕೆ ಸ್ವಂತ ಮನೆ ಕೊಟ್ಟಿತು, ಅದೂ ತೆಲುಗಿನ ಪಕ್ಕದಲ್ಲಿಯೇ: ತೆಲುಗಿನ ಕಕಾರದಿಂದ ಸರಿಯಾಗಿ 128 ಸ್ಥಾನ ಮುಂದೆ ನಡೆದರೆ ಕನ್ನಡದ ಕಕಾರ. ಹೆಸರುಗಳನ್ನು ತೆಲುಗಿನಲ್ಲಿ ತುಂಬಿದ್ದ ಎರಡು ಮೂರು ಮನೆಗಳಿಗೂ ಇದೇ ಗತಿಯಾಗಿತ್ತು. ಡ್ರೈವರಿಗೆ ನೆರೆಹೊರೆಯ ಭೇದವಿಲ್ಲ.

ಪರಿಹಾರ ಅರ್ಧ ಗಂಟೆಯದು. ಸಂಪರ್ಕದ ವಿಳಾಸದಲ್ಲಿ ಯುಟಿಎಫ್-8 ಎಂದು ನಮೂದಿಸಿ, ಕೋಷ್ಟಕಗಳನ್ನು ಯುಟಿಎಫ್8ಎಂಬಿ4ಕ್ಕೆ ಬದಲಿಸಿದನು. ‘ವಡ್ಡೆಪಲ್ಲಿ’ ಎಂದು ಬರೆದು ಉಳಿಸಿ, ಪುಟವನ್ನು ಮುಚ್ಚಿ ತೆರೆದನು. ಹತ್ತೂ ಘಟಕಗಳು ಮರಳಿ ಬಂದವು. ಈ ಒಂದು ಪರೀಕ್ಷೆಯನ್ನು ಮೊದಲೇ ಮಾಡಿಸುವ ಅಧಿಕಾರ ಕಾರ್ಯಕ್ರಮ ಬರೆದವನಿಗಿಂತ ಹೆಸರು ಕೊಡುವವರಿಗೆ ಹೆಚ್ಚಾಗಿದೆ. ಶಾಲೆಯ ದಾಖಲೆಗಳು ಗಣಕಕ್ಕೆ ಏರುತ್ತಿರುವ ಈ ಕಾಲದಲ್ಲಿ ಪಾಲಕರು ಸಂಕೋಚಪಡದೆ ಅದನ್ನು ಚಲಾಯಿಸಬೇಕು, ಅಲ್ಲಿಯವರೆಗೆ ಕಾಗದದ ಹಾಜರಿಪಟ್ಟಿಯನ್ನು ಅಟ್ಟಕ್ಕೆ ಹಾಕಬಾರದು.

ಅಂಕಿಗಳು ಮಾತ್ರ ಲ್ಯಾಟಿನ್-1ರಲ್ಲಿಯೂ ಇರುವುದರಿಂದ ತರಗತಿ, ದೂರವಾಣಿ ಸಂಖ್ಯೆಗಳು ಕೆಟ್ಟಿರಲಿಲ್ಲ. ತರುಣನು ಸಂಜೆಗಳಲ್ಲಿ ಒಂದೊಂದೇ ಮನೆಗೆ ಕರೆಮಾಡಿ ಮಗುವಿನ ಹೆಸರನ್ನು ಮತ್ತೆ ಕೇಳಿ ಬರೆದುಕೊಂಡನು. ಕೆಲವರು ನಕ್ಕರು, ಒಬ್ಬರು ರೇಗಿದರು.

ಒಂದು ಸಂಖ್ಯೆ ಉತ್ತರಿಸಲಿಲ್ಲ. ಪಾಲಮೂರಿನ ಈ ಸೀಮೆಯಿಂದ ಕೂಲಿಗಾಗಿ ದೂರದ ನಗರಗಳಿಗೆ ಹೋಗುವ ಮನೆಗಳು ಎಷ್ಟೋ, ಅಂತಹ ಒಂದಿರಬಹುದು. ಸಾಲಿನಲ್ಲಿರುವುದು 5ನೆಯ ತರಗತಿ, ಹೆಸರಿಗೆ ಆರು ಚಿಹ್ನೆಗಳು, ಊರಿಗೆ ಹತ್ತು. ಹತ್ತು ಎಂದರೆ ವಡ್ಡೆಪಲ್ಲಿ ಎಂದು ತಾಯಿ ಸಂತೋಷಪಟ್ಟಳು. ಎಣಿಸಿ ನೋಡಿದರೆ ನಾರಾಯಣಪೇಟೆಗೂ ಹತ್ತೇ. ಆರು ಘಟಕಗಳ ಹೆಸರುಗಳನ್ನು ಆಕೆ ಒಂದೊಂದಾಗಿ ಹೇಳುತ್ತಾ ಹೋದಳು: ಹನುಮಂತ, ಗೋವಿಂದ, ರೇಣುಕಾ. ಎಲ್ಲವೂ ಹೊಂದುತ್ತಿದ್ದವು; ಗಂಡೋ ಹೆಣ್ಣೋ ಎಂಬುದೂ ತಿಳಿಯಲಿಲ್ಲ. ಐದನೆಯ ತರಗತಿಯ ಪುಸ್ತಕಗಳ ಕಟ್ಟೊಂದನ್ನು ಬೇರೆಯಾಗಿ ಇರಿಸಿದ್ದಾರೆ. ಮೇಲಿನ ಚೀಟಿಯಲ್ಲಿ ದೂರವಾಣಿ ಸಂಖ್ಯೆ ಮಾತ್ರ ಇದೆ.