ಅಕ್ಕಿ ಬಂತು, ಬೇಳೆ ಎಲ್ಲಿ?

ಒಲೆಯ ಮೇಲೆ ನೀರು ಕುದಿಯಲು ಇಟ್ಟಾಗ ಬೇಳೆ ಡಬ್ಬಿ ಖಾಲಿಯಾಗಿದ್ದು ಗೊತ್ತಾದರೆ ನಾವೇನು ಮಾಡುತ್ತೇವೆ? ಮಗನ ಕೈಗೆ ಚೀಲ ಕೊಟ್ಟು ಬೀದಿ ತುದಿಯ ಅಂಗಡಿಗೆ ಓಡಿಸುತ್ತೇವೆ. ಅಂಗಡಿ ಎಂಬುದು ನಮ್ಮ ಅಡಿಗೆಮನೆಯ ಇನ್ನೊಂದು ಕಪಾಟು ಇದ್ದಂತೆ. ಆದರೆ ಆ ಕಪಾಟು ಹತ್ತು ಕಿಲೋಮೀಟರ್ ಆಚೆ ಇದ್ದರೆ? ನಡುವೆ ಹಳ್ಳ ತುಂಬಿ ಹರಿಯುತ್ತಿದ್ದರೆ?

ಹಳಿಯಾಳ, ಜೋಯಿಡಾ ತಾಲ್ಲೂಕಿನ ಪ್ರಾಥಮಿಕ ಶಾಲೆಗಳಲ್ಲಿ ನಾನು ಮೂವತ್ತು ವರ್ಷ ‘ಅಕ್ಕೋರು’ ಆಗಿ ದುಡಿದವಳು. ಸಿದ್ದಿ, ಕುಣಬಿ, ಗೌಳಿ ಮಕ್ಕಳಿಗೆ ಅಕ್ಷರ ಕಲಿಸುತ್ತಲೇ ಅವರ ಮನೆಗಳ ಒಲೆಯನ್ನೂ ಕಂಡಿದ್ದೇನೆ. ವಿಸ್ತಾರದಲ್ಲಿ ಜೋಯಿಡಾ ಉತ್ತರ ಕನ್ನಡದ ದೊಡ್ಡ ತಾಲ್ಲೂಕು. ಆದರೆ ಜನ ಕಡಿಮೆ, ಕಾಡು ಹೆಚ್ಚು. ಇಲ್ಲೊಂದು ನಾಲ್ಕು ಮನೆ, ಅಲ್ಲೊಂದು ಹತ್ತು ಮನೆ. ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಒಳಗೂ ಅಂಚಿಗೂ ಇಂಥ ಎಷ್ಟೋ ವಾಡೆಗಳಿವೆ. ಮುಂಡಗೋಡ, ಹಳಿಯಾಳದ ಕಡೆಯ ಗೌಳಿವಾಡೆಗಳ ಕಥೆಯೂ ಇದೇ. ಹಾಲು ಕರೆದು ಪೇಟೆಗೆ ಕಳಿಸುವವರ ಮನೆಯ ಮಕ್ಕಳಿಗೆ ಕೆಲವು ಸಲ ಚಹಾಕ್ಕೆ ಬೀಳುವಷ್ಟೇ ಹಾಲು!

“ಊಟಕ್ಕೆ ಏನು ಮಾಡಿದ್ದೆವ್ವಾ?” ಎಂದರೆ “ಅನ್ನ” ಎಂಬ ಉತ್ತರ ತಕ್ಷಣ ಬರುತ್ತಿತ್ತು. “ಅನ್ನಕ್ಕೆ?” ಎಂದಾಗ ಸ್ವಲ್ಪ ಮೌನ. ಒಬ್ಬ ಸಿದ್ದಿ ತಾಯಿ ನನಗೆ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ: “ಅಕ್ಕೋರ, ಅಕ್ಕಿಗೆ ಬರ ಇಲ್ರಿ. ಬ್ಯಾಳಿಗೆ ರೊಕ್ಕ ಬೇಕು. ರೊಕ್ಕ ಇದ್ದ ದಿನಾ ಅಂಗಡಿಗೆ ಹೋಗಾಕ ಆಗೂದಿಲ್ಲ, ಹೋದ ದಿನಾ ರೊಕ್ಕ ಇರೂದಿಲ್ಲ.”

ಇಡೀ ಸಮಸ್ಯೆ ಈ ಮಾತಿನಲ್ಲಿದೆ. 2013ರಲ್ಲಿ ಅನ್ನಭಾಗ್ಯ ಬಂದ ಮೇಲೆ ಹಸಿದು ಮಲಗುವ ದಿನಗಳು ಕಡಿಮೆಯಾದದ್ದನ್ನು ನಾನೇ ನೋಡಿದ್ದೇನೆ. ಅದನ್ನು ಹಗುರವಾಗಿ ಎಣಿಸಬಾರದು. ಆದರೆ ಹೊಟ್ಟೆ ತುಂಬುವುದು ಬೇರೆ, ಮೈಗೆ ಹತ್ತುವುದು ಬೇರೆ. ನೂರು ಗ್ರಾಂ ಅಕ್ಕಿಯಲ್ಲಿ ಸುಮಾರು 7 ಗ್ರಾಂ ಸಸಾರಜನಕವಿದ್ದರೆ ಅಷ್ಟೇ ತೊಗರಿಬೇಳೆಯಲ್ಲಿ ಸುಮಾರು 22 ಗ್ರಾಂ ಇದೆ. 2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದ ಹೆಂಗಸರಲ್ಲಿ ನೂರಕ್ಕೆ 47.8 ಮಂದಿಗೆ, ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 65.5 ಮಂದಿಗೆ ರಕ್ತಹೀನತೆ. ಇದು ಇಡೀ ರಾಜ್ಯದ ಲೆಕ್ಕ. ಕಾಡಿನ ವಾಡೆಯ ಬಸುರಿಯ ಬಿಳುಚಿದ ಕಣ್ಣ ರೆಪ್ಪೆ ನೋಡಿದವರಿಗೆ ಲೆಕ್ಕ ಬೇರೆ ಹೇಳಬೇಕಾಗಿಲ್ಲ.

ಸರ್ಕಾರಕ್ಕೂ ಇದು ಗೊತ್ತಿಲ್ಲವೆಂದಲ್ಲ. ಅರಣ್ಯವಾಸಿ ಬುಡಕಟ್ಟಿನ ಕುಟುಂಬಗಳಿಗೆ ಬೇಳೆ, ಕಾಳು, ಬೆಲ್ಲ, ಎಣ್ಣೆ, ಮೊಟ್ಟೆ, ತುಪ್ಪ ಸೇರಿದ ಪೌಷ್ಟಿಕ ಆಹಾರ ಕೊಡುವ ಯೋಜನೆ ನಮ್ಮ ರಾಜ್ಯದಲ್ಲಿದೆ. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡಕ್ಕೆ ಸೇರಿದ್ದರಿಂದ ಅವರಿಗೆ ಇದು ದೊರೆಯುತ್ತದೆ. ಅದೇ 2003ರಲ್ಲಿ ಗೋವಾದ ಕುಣಬಿಗಳೂ ಪರಿಶಿಷ್ಟ ಪಂಗಡವಾದರು. ಆದರೆ ಗಡಿಯ ಈಚೆ, ಜೋಯಿಡಾದ ಕುಣಬಿಗಳು ಆಗಲಿಲ್ಲ! ಅವರ ಬೇಡಿಕೆ ಹಲವು ವರ್ಷಗಳದ್ದು. ಗೌಳಿಗಳದ್ದೂ ಅದೇ ಪಾಡು. ಹೀಗಾಗಿ ಒಂದು ವಾಡೆಗೆ ಮೊಟ್ಟೆ, ತುಪ್ಪ ಬಂದರೆ ಹಳ್ಳದಾಚೆಯ ವಾಡೆಗೆ ಅಕ್ಕಿ ಮಾತ್ರ. ಮಕ್ಕಳ ಹಸಿವಿಗೆ ಜಾತಿಪಟ್ಟಿ ಗೊತ್ತೇ?

ಇನ್ನು ಅಲ್ಲಿನ ಸಣ್ಣ ಅಂಗಡಿಗಳನ್ನು ನೋಡಬೇಕು. ಬಾಗಿಲಿಗೆ ತೋರಣ ಕಟ್ಟಿದಂತೆ ಚಿಪ್ಸು, ಬಿಸ್ಕೀಟು, ಗುಟ್ಕಾ ಪೊಟ್ಟಣಗಳ ಸರ. ಐದು ರೂಪಾಯಿ ಕೊಟ್ಟರೆ ಅಳುವ ಮಗು ಸುಮ್ಮನಾಗುತ್ತದೆ. ಐದು ರೂಪಾಯಿಗೆ ಬೇಳೆ ಕೊಡುವವರು ಯಾರು? ಅಂಗಡಿಯವನನ್ನು ದೂರಿ ಪ್ರಯೋಜನವಿಲ್ಲ. ಕೆಡದ, ಹಗುರವಾದ, ಬೇಗ ಮಾರಾಟವಾಗುವ ಮಾಲನ್ನು ಅವನು ಇಡುತ್ತಾನೆ.

ಈ ಗೋಳು ನಮ್ಮದೊಂದೇ ಅಲ್ಲ. ಆಸ್ಟ್ರೇಲಿಯದ ಮೂಲನಿವಾಸಿಗಳ ದೂರದ ಊರುಗಳಲ್ಲೂ ಊರಿಗೊಂದೇ ಅಂಗಡಿ. ಉತ್ತರ ಭಾಗದ ಆರ್ನ್‌ಹೆಮ್ ಪ್ರದೇಶದಲ್ಲಿ 1972ರಿಂದ ಮೂಲನಿವಾಸಿಗಳದೇ ಸಂಸ್ಥೆಯೊಂದು ಅಂಗಡಿಗಳನ್ನು ನಡೆಸುತ್ತಿದೆ. ಅಲ್ಲಿನ ದೂರದ ಊರುಗಳ 20 ಅಂಗಡಿಗಳಲ್ಲಿ 12 ವಾರ ಒಂದು ಪ್ರಯೋಗ ನಡೆಯಿತು. ಅರ್ಧದಷ್ಟು ಅಂಗಡಿಗಳಲ್ಲಿ ಸಿಹಿ ತಿನಿಸು, ಸಿಹಿ ಪಾನೀಯಗಳನ್ನು ಕಣ್ಣಿಗೆ ಬೀಳುವ ಜಾಗದಿಂದ ತೆಗೆದರು, ಅವುಗಳ ಜಾಹೀರಾತು ನಿಲ್ಲಿಸಿದರು. ಮಾರಾಟ ನಿಷೇಧಿಸಲಿಲ್ಲ. 2020ರಲ್ಲಿ ಫಲಿತಾಂಶ ಪ್ರಕಟವಾಯಿತು: ಆ ಅಂಗಡಿಗಳಿಂದ ಮನೆಗೆ ಹೋಗುವ ಸಕ್ಕರೆ ನೂರಕ್ಕೆ 2.8ರಷ್ಟು ಇಳಿದಿತ್ತು. ಅಂಗಡಿಗೆ ನಷ್ಟವೂ ಆಗಲಿಲ್ಲ. ಮುಂದಿನ ಸಾಲಿನಲ್ಲಿ ಏನಿದೆ ಎಂಬುದೇ ಮಗುವಿನ ತಟ್ಟೆಯಲ್ಲಿ ಏನಿರುತ್ತದೆ ಎಂಬುದನ್ನು ಎಷ್ಟೋ ಮಟ್ಟಿಗೆ ನಿರ್ಧರಿಸುತ್ತದೆ.

ನಾನು ಕಡೆಯದಾಗಿ ಕೆಲಸ ಮಾಡಿದ ಊರಿನ ಹೆಂಗಸರು ಈ ಪ್ರಯೋಗದ ಸುದ್ದಿ ಕೇಳಿದವರಲ್ಲ. ಆದರೂ ಅದೇ ಜಾಣತನ ತೋರಿಸಿದರು. ಸ್ವಸಹಾಯ ಸಂಘದ ಹನ್ನೆರಡು ಜನ ತಲಾ 200 ರೂಪಾಯಿ ಹಾಕಿ, ಮಳೆಗಾಲಕ್ಕೆ ಮೊದಲು ಹಳಿಯಾಳದ ಪೇಟೆಯಿಂದ ತೊಗರಿಬೇಳೆ, ಹುರುಳಿ, ಬೆಲ್ಲ ತಂದು ಒಬ್ಬಳ ಜಗಲಿಯ ಮೇಲೆ ಇಟ್ಟರು. ಅದೇ ಅಂಗಡಿ! ಕಾಲು ಕಿಲೋ ಬೇಕೆ, ಕಾಲು ಕಿಲೋ. ಒಂದು ಚಟಾಕು ಸಾಕೆ, ಒಂದು ಚಟಾಕು. ಕುಣಬಿಯೋ ಸಿದ್ದಿಯೋ ಎಂಬ ಭೇದವಿಲ್ಲ, ಕಾರ್ಡು ಕೇಳುವುದಿಲ್ಲ. ಅವರು ಮಾಡಿಕೊಂಡ ಒಂದು ಕಟ್ಟಳೆ ನನಗೆ ಬಹಳ ಹಿಡಿಸಿತು: ಬೇಳೆ, ಕಾಳಿಗೆ ಉದ್ರಿ ಉಂಟು, ಬಿಸ್ಕೀಟಿಗೆ ಉದ್ರಿ ಇಲ್ಲ. ಉದ್ರಿ ತೀರಿಸಲಾಗದ ಕುಣಬಿ ಹೆಂಗಸೊಬ್ಬಳು ತನ್ನ ಹಿತ್ತಲಿನ ಮುಡ್ಲಿ ಗೆಡ್ಡೆ ತಂದು ಕೊಟ್ಟಳು. ಸಂಘದವರು ಅದನ್ನೂ ತೂಗಿ ಲೆಕ್ಕಕ್ಕೆ ಹಿಡಿದರು. ಜೋಯಿಡಾದ ಗೆಡ್ಡೆ ಗೆಣಸು ಮೇಳಕ್ಕೆ ಹೋದವರಿಗೆ ಕುಣಬಿಗಳ ಗೆಡ್ಡೆಗಳ ಬಗೆ ಗೊತ್ತೇ ಇದೆ. ಅವು ಮೇಳದಲ್ಲಿ ಮಾತ್ರವಲ್ಲ, ಊರಿನ ಅಂಗಡಿಯಲ್ಲೂ ಸಿಗಬೇಕು.

ಉದ್ರಿ ಮರಳದೆ ಆ ಜಗಲಿ ಅಂಗಡಿ ಎರಡು ಸಲ ನಿಂತಿತು, ಎರಡು ಸಲ ಮತ್ತೆ ತೆರೆಯಿತು. ಬಂಡವಾಳ ಸಣ್ಣದು, ಸಾಗಣೆ ದುಬಾರಿ. ಆದ್ದರಿಂದಲೇ ಸೋದರಿಯರು ಒಂದು ಕಾನೂನನ್ನು ತಿಳಿದಿರಬೇಕು. 2013ರ ಆಹಾರ ಭದ್ರತಾ ಕಾಯಿದೆಯಂತೆ ರೇಷನ್ ಕಾರ್ಡಿನಲ್ಲಿ ಮನೆಯ ಯಜಮಾನಿ ಹದಿನೆಂಟು ತುಂಬಿದ ಹಿರಿಯ ಹೆಣ್ಣು. ಅಷ್ಟೇ ಅಲ್ಲ, ನ್ಯಾಯಬೆಲೆ ಅಂಗಡಿಯ ಪರವಾನಗಿ ಕೊಡುವಾಗ ಪಂಚಾಯಿತಿ, ಸ್ವಸಹಾಯ ಸಂಘ, ಸಹಕಾರಿ ಸಂಘಗಳಿಗೆ ಆದ್ಯತೆ ಇರಬೇಕು, ನಿರ್ವಹಣೆ ಹೆಂಗಸರದಾಗಬೇಕು ಎಂದೂ ಅದು ಹೇಳುತ್ತದೆ. ಹೆಚ್ಚುವರಿ 5 ಕಿಲೋ ಅಕ್ಕಿಯ ಬದಲು ಬೇಳೆ, ಎಣ್ಣೆ ಮುಂತಾದವುಗಳ ಕಿಟ್ ಕೊಡುವ ನಿರ್ಧಾರವನ್ನು ರಾಜ್ಯ ಸಂಪುಟ 2025ರ ಅಕ್ಟೋಬರಿನಲ್ಲಿ ಕೈಗೊಂಡಿತು. ಬೇಳೆ ಎಲ್ಲರ ಕಾರ್ಡಿಗೂ ಬರಲಿ, ಅದನ್ನು ಅಳೆದು ಕೊಡುವ ಕೈ ವಾಡೆಯ ಹೆಂಗಸಿನದಾಗಲಿ. ನಾನು ಬೇಡುವುದು ಇಷ್ಟೇ.

ಆ ಜಗಲಿ ಅಂಗಡಿಯ ಮಾಲಿನಿಂದಲೇ ಆಗುವ ಒಂದು ಸಾರನ್ನು ನೀವೂ ಮಾಡಿ ನೋಡಿ. ಒಂದು ಬಟ್ಟಲು ಹುರುಳಿಯನ್ನು ರಾತ್ರಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ. ಬೇಯಿಸಿ, ಅರ್ಧ ಭಾಗ ಅರೆದು, ಒಂದು ಹಿಡಿ ನುಗ್ಗೆಸೊಪ್ಪು, ಉಪ್ಪು, ಖಾರ, ಚೂರು ಬೆಲ್ಲ ಹಾಕಿ ಕುದಿಸಿ. ಬೆಳ್ಳುಳ್ಳಿ ಒಗ್ಗರಣೆ ಕೊಟ್ಟು ಇಳಿಸಿದ ಮೇಲೆ ನಿಂಬೆರಸ ಹಿಂಡಿ. ಹುಳಿಯಿಂದ ಕಬ್ಬಿಣದಂಶ ಮೈಗೆ ಚೆನ್ನಾಗಿ ಸೇರುತ್ತದೆ. ಊಟದ ಜೊತೆಗೇ ಚಹಾ ಕುಡಿದರೆ ಆ ಲಾಭ ಕಡಿಮೆ. ಚಹಾ ಒಂದು ಗಂಟೆ ಕಾಯಲಿ.