ಅವ್ವನ ಸೀರೆಯ ಕೌದಿ

ನಮ್ಮ ವಿಜಯಪುರ ಸೀಮೆಯ ಮನೆಗಳಲ್ಲಿ ಅರಿವೆಗೆ ಮುಪ್ಪುಂಟು, ಆದರೆ ಬೇಗನೆ ಸಾವಿಲ್ಲ. ಸೀರೆಯು ಉಡುವಷ್ಟು ದಿನ ಉಡಿಗೆಯಾಗಿ, ಸೆರಗು ಹರಿದ ಮೇಲೆ ಕೂಸಿನ ಜೋಳಿಗೆಯಾಗಿ, ಅಲ್ಲಿಂದ ಕೌದಿಯ ಪದರಾಗಿ, ಕಟ್ಟಕಡೆಗೆ ಒಲೆಯ ಮುಂದಿನ ಮಸಿಯರಿವೆಯಾಗಿ ತನ್ನ ಋಣವನ್ನು ತೀರಿಸುವದು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕೂ ಕಡೆಗೆ ನಮ್ಮ ಬಳಗದವರಿದ್ದಾರೆ. ಅವರಲ್ಲಿ ಕೌದಿಯಿಲ್ಲದ ಮನೆಯನ್ನು ನಾವು ಈವರೆಗೆ ಕಂಡಿಲ್ಲ. ಆದರೆ ಕೌದಿಯನ್ನು ಹೊಚ್ಚಿಕೊಳ್ಳುವವರು ಇದ್ದಷ್ಟು ಅದನ್ನು ಹೊಲಿಯುವವರು ಈಗ ಇಲ್ಲ. ಬಿಡುವಿನ ವೇಳೆಯಲ್ಲಿ ಏನಾದರೊಂದು ಕೈಗೆಲಸವನ್ನು ಕಲಿಯಬೇಕೆನ್ನುವ ಅಕ್ಕತಂಗಿಯರಿಗೆ ಉಪಯೋಗವಾದೀತೆಂದು ನಮ್ಮ ಅನುಭವವನ್ನು, ಅದರಲ್ಲಿಯೂ ನಾವು ಮಾಡಿದ ತಪ್ಪನ್ನು, ಮುಚ್ಚದೆ ಇಲ್ಲಿ ಹೇಳುತ್ತೇವೆ.

ನಮ್ಮ ತವರು ಹಳೆಯ ಕೊಲ್ಹಾರ. ಅದು ಆಗ ಬಸವನ ಬಾಗೇವಾಡಿ ತಾಲೂಕಿಗೆ ಸೇರಿತ್ತು. 1964ರಲ್ಲಿ ಲಾಲಬಹಾದ್ದೂರ ಶಾಸ್ತ್ರಿಯವರು ಅಡಿಗಲ್ಲನ್ನಿಟ್ಟ ಆಲಮಟ್ಟಿಯ ಆಣೆಕಟ್ಟು ಮುಂದೆ ಎದ್ದು ನಿಂತಾಗ, ಕೃಷ್ಣೆಯ ಹಿನ್ನೀರು ಆ ಊರನ್ನು ನುಂಗಿತು. ಅವ್ವ ಹೊಸ ಊರಿಗೆ ಬರುವಾಗ ತಂದದ್ದು ಎರಡು ಪೆಟ್ಟಿಗೆ, ಒಂದು ಕೌದಿಯ ಗಂಟು. ಬಾಗಿಲ ಚೌಕಟ್ಟನ್ನೂ ತೊಲೆಗಳನ್ನೂ ಗಂಡಸರು ಬಿಚ್ಚಿ ತಂದರು. ಅವ್ವ ಮಾತ್ರ ಆ ಗಂಟನ್ನು ಬಂಡಿಯಲ್ಲಿ ತನ್ನ ತೊಡೆಯ ಮೇಲಿಂದ ಇಳಿಸಲಿಲ್ಲ. ಆಕೆ ತೀರಿಕೊಂಡ ಮೇಲೆ ಆಕೆಯ ಎಂಟು ಗಜದ ಇಳಕಲ್ಲ ಸೀರೆಯೊಂದು ನಮ್ಮ ಪಾಲಿಗೆ ಬಂತು. ನಾವು ಅದನ್ನು ಸಿಂದಗಿಯ ಮನೆಗೆ ತಂದು, ಮಡಿಚಿ, ಪೆಟ್ಟಿಗೆಯ ತಳದಲ್ಲಿಟ್ಟು ಹನ್ನೊಂದು ವರ್ಷ ಮುಟ್ಟಲಿಲ್ಲ. ಇದನ್ನೇ ಪ್ರೀತಿಯೆಂದು ನಾವು ತಿಳಿದಿದ್ದೆವು.

ಒಂದು ದಿನ ಬಿಚ್ಚಿ ನೋಡಲಾಗಿ, ಸೀರೆಯು ಮಡಿಕೆ ಬಿದ್ದಲ್ಲೆಲ್ಲ ಸೀಳಲಾರಂಭಿಸಿತ್ತು. ಹುಳ ಹತ್ತಿರಲಿಲ್ಲ, ಇಲಿ ಕಡಿದಿರಲಿಲ್ಲ. ಹಳೆಯ ನೂಲು ಒಂದೇ ಮಡಿಕೆಯಲ್ಲಿ ವರ್ಷಗಟ್ಟಲೆ ಇದ್ದರೆ ಆ ಗೆರೆಯಲ್ಲಿಯೇ ಮುರಿಯುವದು. ಆ ಹೊತ್ತಿಗೆ ಮುದ್ದೇಬಿಹಾಳದ ಕಡೆಯಿಂದ ನಮ್ಮ ಸೋದರತ್ತೆ ಬಂದಿದ್ದಳು. ಎಂಬತ್ತು ದಾಟಿದ ಹಿರಿಯಳು. ನಾವು ಕಣ್ಣೀರು ಹಾಕುವದನ್ನು ಕಂಡು ಆಕೆ, “ಯವ್ವಾ, ಪೆಟಿಗ್ಯಾಗಿನ ಸೀರಿ ಯಾರಿಗೂ ಬೆಚ್ಚಗ ಮಾಡಂಗಿಲ್ಲ. ನಿಮ್ಮವ್ವ ಯಾವಾಗರ ಖಾಲಿ ಕುಂತಿದ್ದಳೇನು? ಆಕಿ ಸೀರಿನ್ಯಾಕ ಖಾಲಿ ಕುಂಡ್ರಸ್ತಿ? ಕೌದಿ ಹೊಲಿ,” ಎಂದಳು.

ಆಕೆ ಊರಿಗೆ ಹೋದ ಮೇಲೆ ನಾವೇ ಹೊಲಿಯಲು ಕುಳಿತೆವು. ಸೀರೆ ಹಳೆಯದು, ನಡುವೆ ಗಟ್ಟಿಯಾದ ಪದರು ಬೇಕೆಂದು ಬಗೆದು ಅಂಗಡಿಯಿಂದ ಹೊಸ ಹತ್ತಿಯ ಬಟ್ಟೆಯನ್ನು ತಂದು, ನೀರಿಗೆ ಹಾಕದೆ ಹಾಗೆಯೇ ಒಳಗಿಟ್ಟೆವು. ದಾರವೂ ಹರಿಯದಂಥದಿರಲೆಂದು ಪಾಲಿಸ್ಟರ ದಾರವನ್ನು ತಂದು, ಪ್ರತಿ ಟಾಕನ್ನೂ ಬಿಗಿಯಾಗಿ ಎಳೆದೆವು. ಕೌದಿ ನೋಡಲು ಚೆಂದವಾಯಿತು. ಮೊದಲ ಒಗೆತಕ್ಕೆ ಅದರ ಚೆಂದವೆಲ್ಲ ಹೋಯಿತು. ಒಳಗಿನ ಹೊಸ ಬಟ್ಟೆ ಕುಗ್ಗಿ, ಮೇಲಿನ ಸೀರೆ ಒಣಗಿದ ನಿಂಬೆಯ ಸಿಪ್ಪೆಯಂತೆ ಮುರುಟಿತು. ಹಿಂಡುವಾಗ ಆ ಗಟ್ಟಿ ದಾರವು ಮೆತ್ತಗಿನ ಹಳೆಯ ನೂಲನ್ನು ಕೊಯ್ದು ಏಳು ಕಡೆಗೆ ಸೀಳಿತು. ಹನ್ನೊಂದು ವರ್ಷ ಕಾಯ್ದಿಟ್ಟದ್ದನ್ನು ನಮ್ಮ ಕೈಯಿಂದಲೇ ಹರಿದೆವಲ್ಲಾ ಎಂದು ಆ ರಾತ್ರಿ ಊಟ ಸೇರಲಿಲ್ಲ.

ಸುದ್ದಿ ತಿಳಿದು ಅತ್ತೆ ಮತ್ತೆ ಬಂದಳು. ಬೈಯಲಿಲ್ಲ. “ಹೊಸಾ ಅರಿವಿಗಿ ಇನ್ನೂ ಸೊಕ್ಕ ಐತಿ, ಹಳೇದರ ಜೋಡಿ ಹೊಂದಂಗಿಲ್ಲ,” ಎಂದಷ್ಟೇ ಹೇಳಿ, ಸೂಜಿಯ ಮೊನೆಯಿಂದ ನಾಲ್ಕೈದು ಟಾಕಿಗೊಮ್ಮೆ ದಾರವನ್ನೆತ್ತಿ ಕತ್ತರಿಸಿದಳು. ಎಳೆದು ಬಿಚ್ಚಬಾರದು, ತುಂಡು ತುಂಡಾಗಿ ತೆಗೆಯಬೇಕು. ಹೀಗೆ ಬಿಚ್ಚುವದಕ್ಕೇ ಮೂರು ದಿನ ಹಿಡಿಯಿತು. ಆ ಮೂರು ದಿನಗಳಲ್ಲಿ ಮತ್ತು ಮುಂದಿನ ಹದಿನೈದು ದಿನಗಳಲ್ಲಿ ನಾವು ಕಲಿತುದನ್ನು ಕ್ರಮವಾಗಿ ಹೇಳುತ್ತೇವೆ.

ಮೊದಲನೆಯದು ಅರಿವೆಯ ಆಯ್ಕೆ. ಕೌದಿಯ ಪದರುಗಳೆಲ್ಲ ಸರಿವಯಸ್ಸಿನವಾಗಿರಬೇಕು; ಬಹಳ ಸಲ ಒಗೆದು ಮೆತ್ತಗಾದ ಹತ್ತಿಯ ಸೀರೆ, ಧೋತರಗಳು ಎಲ್ಲಕ್ಕೂ ಮೇಲು. ಹೊಸದನ್ನು ಸೇರಿಸಲೇಬೇಕಾದರೆ ನಾಲ್ಕಾರು ಸಲ ನೆನೆಸಿ ಒಗೆದು, ಅದು ಕುಗ್ಗುವಷ್ಟು ಕುಗ್ಗಿದ ಮೇಲೆ ಕತ್ತರಿಸಬೇಕು. ನಾಯ್ಲಾನ, ಪಾಲಿಸ್ಟರ ಸೀರೆಗಳು ಒಳಗೆ ಜಾರುವವು, ಬೆವರನ್ನು ಹೀರವು, ಅವು ಬೇಡ. ಬಣ್ಣ ಬಿಡುವದೆಂಬ ಸಂಶಯವಿದ್ದರೆ ಒದ್ದೆಯಾದ ಬಿಳಿಯ ಚಿಂದಿಯಿಂದ ಉಜ್ಜಿ ನೋಡತಕ್ಕದ್ದು. ನಾವು ಈ ಸಲ ನಡುವೆ ಹಾಕಿದ್ದು ನಮ್ಮ ಮಾವನವರ ಹಳೆಯ ಧೋತರಗಳನ್ನು.

ಎರಡನೆಯದು ಅಳತೆ. ಎಂಟು ಗಜದ ಸೀರೆಯೆಂದರೆ 16 ಮೊಳ. ಅದನ್ನು 4 ಮೊಳದ ನಾಲ್ಕು ತುಂಡು ಮಾಡಿದರೆ, ಒಂದೊಂದೂ 6 ಫೂಟು ಉದ್ದವಾಗಿ, ಒಬ್ಬರು ಹೊಚ್ಚಿಕೊಳ್ಳುವ ಕೌದಿಗೆ ಸರಿಹೋಗುವದು. ಬೇಸಿಗೆಗೆ ಮೂರು ಪದರು ಸಾಕು, ಚಳಿಗೆ ಐದಾರು ಇರಲಿ. ಅದಕ್ಕಿಂತ ಹೆಚ್ಚಾದರೆ ಸೂಜಿ ಬಗ್ಗುವದು, ಬೆರಳು ನೋಯುವದು, ಒಗೆದದ್ದು ಬೇಗ ಒಣಗದು.

ಮೂರನೆಯದು ಹಾಸುವದು, ಕೌದಿಯ ಗುಣವೆಲ್ಲ ಇದರಲ್ಲಿಯೇ ಅಡಗಿದೆ. ಪಡಸಾಲೆಯನ್ನು ಗುಡಿಸಿ, ಪದರುಗಳನ್ನು ಒಂದರ ಮೇಲೊಂದು ಹಾಸಿ, ನಡುವಿನಿಂದ ಅಂಚಿಗೆ ಅಂಗೈಯಿಂದ ಸವರುತ್ತ ಸುಕ್ಕನ್ನು ಹೊರಗಟ್ಟಬೇಕು. ಬಳಿಕ ನಡುವಿನಿಂದಲೇ ಆರಂಭಿಸಿ ಗೇಣಿಗೊಂದು ಕಚ್ಚಾ ಟಾಕು ಹಾಕಬೇಕು. ಒಳಗೆ ಉಳಿದ ಸುಕ್ಕು ಮೇಲೆ ಕಾಣುವದಿಲ್ಲ. ಆದರೆ ಮಲಗಿದವರ ಬೆನ್ನಿಗೆ ರಾತ್ರಿಯೆಲ್ಲ ತಿಳಿಯುವದು.

ನಾಲ್ಕನೆಯದು ಹೊಲಿಗೆ. ದಾರವು ಹತ್ತಿಯದಾಗಿರಬೇಕು, ಯಾಕೆಂದರೆ ಎಳೆತ ಬಂದಾಗ ಅರಿವೆಗಿಂತ ಮೊದಲು ದಾರ ಹರಿಯುವದು ಮೇಲು. ಹರಿದ ದಾರವನ್ನು ಮತ್ತೆ ಹಾಕಬಹುದು, ಹರಿದ ಸೀರೆಯನ್ನು ಮತ್ತೆ ನೇಯಲಾಗದು. ದಾರವನ್ನು ಕೈಯ ಉದ್ದಕ್ಕಿಂತ ಹೆಚ್ಚು ತೆಗೆದುಕೊಳ್ಳಬಾರದು, ತೊಡಕಾಗುವದು. ಜೇನುಮೇಣದ ಮೇಲೆ ಒಮ್ಮೆ ಎಳೆದರೆ ಸಲೀಸಾಗಿ ಓಡುವದು. ಅಂಚಿನಿಂದ ಸುತ್ತು ಹಾಕುತ್ತ, ಎರಡು ಬೆರಳಿನ ಅಂತರ ಬಿಡುತ್ತ ನಡುವಿಗೆ ಬರಬೇಕು. ಪ್ರತಿ ಸಾಲಿನ ಕೊನೆಗೆ ಹೊಲಿಗೆಯ ಮೇಲೆ ಹೆಬ್ಬೆರಳಿನಿಂದ ಸವರಿ, ಬಿಗಿ ಬಿದ್ದ ದಾರವನ್ನು ಸಡಿಲಿಸಬೇಕು. ಏಳು ಸೀಳುಗಳ ಮೇಲೆ ಅವ್ವನದೇ ಖಣದ ಕುಬುಸದ ತುಂಡುಗಳನ್ನು, ಅಂಚನ್ನು ಒಳಗೆ ಮಡಿಚಿ, ತೇಪೆಯಾಗಿ ಹಚ್ಚಿದೆವು.

ಉಣ್ಣೆಯ ಹೆಣಿಗೆಯನ್ನು ಬಲ್ಲ ಸೋದರಿಯರಿಗೆ ಈ ಮಾತು ಹೊಸದಲ್ಲ. ಕಡ್ಡಿಯ ಮೇಲೆ ನೂಲನ್ನು ಬಿಗಿಹಿಡಿದವರ ಟೊಪ್ಪಿಗೆ ಕೂಸಿನ ತಲೆಗೆ ಏರದು. ಆದುದರಿಂದಲೇ ಬಲ್ಲವರು ಮೊದಲು ನಾಲ್ಕು ಬೆರಳಗಲದ ಮಾದರಿಯನ್ನು ಹೆಣೆದು, ತೊಯಿಸಿ, ಒಣಗಿಸಿ, ಅಳೆದು ನೋಡುವರು. ಕೌದಿಗೂ ಹಾಗೆಯೇ ಒಂದು ಗೇಣಿನ ತುಂಡನ್ನು ಹೊಲಿದು, ಒಗೆದು ನೋಡಿದ್ದರೆ ನಮ್ಮ ತಪ್ಪು ಅಷ್ಟರಲ್ಲಿಯೇ ತಿಳಿಯುತ್ತಿತ್ತು. ಹೆಣಿಗೆಯಲ್ಲಿ ಕೆಟ್ಟುದನ್ನು ಬಿಚ್ಚಿದರೆ ನೂಲು ಮರಳಿ ಕೈಗೆ ಬರುವದು. ಕತ್ತರಿಸಿದ ಸೀರೆಗೆ ಆ ಸೌಲಭ್ಯವಿಲ್ಲ. ಆದರೆ ಕೌದಿಗೆ ಇನ್ನೊಂದು ಗುಣವುಂಟು: ಒಂದು ಸಾಲು ಹರಿದರೂ ನೆರೆಯ ಸಾಲುಗಳು ಪದರನ್ನು ಹಿಡಿದಿಡುವವು.

ಹೊಲಿಯುವಾಗ ಅತ್ತೆ ಹಾಡಿಕೊಳ್ಳುತ್ತಿದ್ದಳು. ಆಗಿನ ಇಂಡಿ ತಾಲೂಕಿನ ಹಲಸಂಗಿಯ ಗೆಳೆಯರು ಇಂಥ ಹಾಡುಗಳನ್ನು ಹೆಣ್ಣುಮಕ್ಕಳ ಬಾಯಿಂದ ಕೇಳಿ ಬರೆದುಕೊಂಡು, 1931ರಲ್ಲಿ ‘ಗರತಿಯ ಹಾಡು’ ಎಂಬ ಸಂಗ್ರಹವನ್ನು ಹೊರತಂದರು. ಹಾಗಾಗಿ ಅವು ಉಳಿದವು. ಕೌದಿಯನ್ನು ಬರೆದಿಡಲು ಬರುವದಿಲ್ಲ. ಹೊಲಿಯುವವಳ ಪಕ್ಕದಲ್ಲಿ ಕುಳಿತು ಕೈಯಿಂದ ಕೈಗೆ ತೆಗೆದುಕೊಳ್ಳಬೇಕಷ್ಟೇ. ಆದುದರಿಂದ, ಓದುವ ಸೋದರಿಯರೇ, ನಿಮ್ಮ ಮನೆಯಲ್ಲಿ ಇಂಥ ಹಿರಿಯರಿದ್ದರೆ ನಮ್ಮ ಈ ಬರಹವನ್ನು ನೆಚ್ಚದೆ ಅವರ ಪಕ್ಕದಲ್ಲಿ ಹೋಗಿ ಕೂಡಿರಿ.

ಕೌದಿಯನ್ನು ಮಾನವಮಿಯ ಮುಂಚೆ ಒಗೆಯುವಾಗ ಕಲ್ಲಿಗೆ ಬಡಿಯಬಾರದು. ನೆನೆಸಿ, ತುಳಿದು, ಇಬ್ಬರು ಕೂಡಿ ನೀರನ್ನು ಒತ್ತಿ ತೆಗೆದು, ಹಗ್ಗದ ಮೇಲೆ ಜೋತು ಬಿಡದೆ ಮಾಳಿಗೆಯ ಮೇಲೆ ಹರವಬೇಕು. ಕಟ್ಟಿಡುವಾಗ ಬೇವಿನ ಎಲೆಯನ್ನು ಇಟ್ಟು, ವರ್ಷಕ್ಕೆರಡು ಸಲವಾದರೂ ಮಡಿಕೆಯನ್ನು ಬದಲಿಸಬೇಕು.

ಅವ್ವನ ಕೌದಿಯನ್ನು ನಾವು ಕಟ್ಟಿಡುವದಿಲ್ಲ. ನಮ್ಮ ಮೊಮ್ಮಗಳು ದಿನಾಲು ಅದನ್ನೇ ಹೊಚ್ಚಿಕೊಂಡು ಮಲಗುತ್ತಾಳೆ. ಒಂದೊಂದು ರಾತ್ರಿ ಆಕೆ ತೇಪೆಯ ಮೇಲೆ ಬೆರಳಿಟ್ಟು, ಇದು ಯಾರದೆಂದು ಕೇಳುತ್ತಾಳೆ. ಆಗ ಹಳೆಯ ಕೊಲ್ಹಾರದ ಸುದ್ದಿ, ಬಂಡಿಯ ಮೇಲಿನ ಗಂಟಿನ ಸುದ್ದಿ ಬರುತ್ತದೆ. ಹೋದ ತಿಂಗಳು ಒಂದು ಮೂಲೆಯಲ್ಲಿ ಹೊಲಿಗೆ ಬಿಟ್ಟಿತ್ತು. ನಾವು ದಾರವನ್ನು ಪೋಣಿಸಿ ಸೂಜಿಯನ್ನು ಆಕೆಯ ಕೈಗೆ ಕೊಟ್ಟೆವು. ಟಾಕುಗಳು ಸೊಟ್ಟಗೆ ಬಿದ್ದಿವೆ. ಅವನ್ನು ನಾವು ಬಿಚ್ಚಲಿಲ್ಲ.